ಷರಾ

ಎರಡು ವರ್ಷ ಕಲಿತದ್ದೆಲ್ಲ ಕೊನೆಗೆ
ಒಂದೂವರೆ ಇಂಚಿನ ಕಾಲಮ್ಮಿನಲ್ಲಿ ಹಿಡಿಸಿತು.

ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಅಂದಾಗ
ಆಯಿ ಕೇಳಿದ್ದಳು: ನೀತಿಪಾಠವೇ?
ಅದು ಮೂರನೇ ಇಯತ್ತೆಗೇ ಮುಗಿದಿತ್ತಲ್ಲ.
ನಕ್ಕು, ಶುಲ್ಕ ತುಂಬಿದೆ.
ಅಲ್ಲಿ ವೆಚ್ಚಕ್ಕೊಂದು ಗೆರೆ, ಲಾಭಕ್ಕೊಂದು ಗೆರೆ,
ಎರಡೂ ಕೂಡುವಲ್ಲಿ ಒಂದು ಚುಕ್ಕೆ.
ಆ ಚುಕ್ಕೆಯ ಮೇಲೆ ಊರೊಂದು ಸುಖವಾಗಿರುತ್ತದೆಂದು
ಬರೆದು ಎಪ್ಪತ್ತೆಂಟು ಅಂಕ ಪಡೆದೆ.

ಒಬ್ಬರಿದ್ದರು, ಕೆಮ್ಮುತ್ತಲೇ ಪಾಠ ಮಾಡುವವರು.
ಯಾವ ಕೋಷ್ಟಕ ಕೊಟ್ಟರೂ ತಲೆಕೆಳಗು ಹಿಡಿದು
'ಇದರಲ್ಲಿ ಯಾರಿಲ್ಲ?' ಅನ್ನುವರು.
ಇದ್ದವರನ್ನು ಎಣಿಸಲು ಕಲಿಸಲಿಕ್ಕೆ ಹತ್ತು ಮಂದಿ,
ಇಲ್ಲದವರನ್ನು ಕೇಳಲು ಅವರೊಬ್ಬರೇ.
ನಮಗೆ ಕಿರಿಕಿರಿ. ಗಡಿಯಾರ ನೋಡುತ್ತಿದ್ದೆವು.

ಕಾರವಾರದ ಕಚೇರಿಯಲ್ಲಿ ಉಪ್ಪುಗಾಳಿ
ಸ್ಟೇಪ್ಲರ್ ಪಿನ್ನನ್ನೂ ತಿನ್ನುತ್ತದೆ.
ಪ್ರತಿ ಕಡತದ ಮೂಲೆಗೂ ಕಂದು ಕಲೆ.
ಪದವಿಪತ್ರ ಕಪಾಟಿನಲ್ಲಿ,
ಪ್ಲಾಸ್ಟಿಕ್ಕಿನೊಳಗೇ ಬೂಸ್ಟು ಹಿಡಿದು.
ಕೈಗೆ ಬಂದ ಮೊದಲ ಕಡತ: ಕಾಳಿ ಹೊಳೆಯ ಹೂಳೆತ್ತುವುದು,
ಎಂಟು ತಿಂಗಳು ಮೀನುಗಾರಿಕೆ ಬಂದ್,
ಪರಿಹಾರಕ್ಕೆ ನಮೂನೆ.
ದೋಣಿಯ ನೋಂದಣಿ ಸಂಖ್ಯೆ.
ಎಂಜಿನ್ನಿನ ಅಶ್ವಶಕ್ತಿ.
ಬಲೆಯ ಉದ್ದ.
ಷರಾ.

ಕಡವಾಡದ ದಂಡೆಗೆ ಹೋದಾಗ ಇಳಿತದ ಹೊತ್ತು.
ಸೊಂಟಮಟ್ಟ ನೀರಿನಲ್ಲಿ ಹೆಂಗಸರು
ಕಾಲ್ಬೆರಳಿನಿಂದ ಕೆಸರು ಓದುತ್ತಿದ್ದರು.
ತಿಸ್ರೆ ತಾಗಿದರೆ ಮುಳುಗಿ ಎದ್ದು
ಪಕ್ಕದಲ್ಲೇ ತೇಲುವ ತಪ್ಪಲೆಗೆ ಹಾಕುವರು.
ದೋಣಿ?
ರುಕ್ಮಾ ದುರ್ಗೇಕರ ತಪ್ಪಲೆ ತಟ್ಟಿ ತೋರಿಸಿದಳು.
ಬಲೆ?
ಹತ್ತು ಬೆರಳು.
ಎಂಜಿನ್, ಎಷ್ಟು ಅಶ್ವಶಕ್ತಿ?
ಎರಡು ಮೊಣಕಾಲು ಅಂತ ಬರಕೋ ಬಾಯೀ,
ಎಡದ್ದು ಈಚೆಗೆ ಸ್ಟಾರ್ಟ್ ಆಗೋದಿಲ್ಲ.
ಹೊಳೆ ತುಂಬ ನಗು.
ನಾನು ಬರೆದುಕೊಂಡೆ. ಬರೆಯುವಾಗ
ಹಿಂದೆ ಯಾರೋ ಕೆಮ್ಮಿದ ಹಾಗಾಯಿತು.

ಹೊಸ ನಮೂನೆ ಮಾಡಿದೆ, ಹನ್ನೊಂದು ಪುಟ,
ಅಡಿಟಿಪ್ಪಣಿ ಸಮೇತ. ನಾಲ್ಕೇ ದಿನಕ್ಕೆ ವಾಪಸ್ ಬಂತು
(ಅಷ್ಟು ಬೇಗ ಯಾವ ಕಡತವೂ ನಡೆದದ್ದಿಲ್ಲ):
'ತಿದ್ದುಪಡಿಗೆ ಅವಕಾಶವಿರುವುದಿಲ್ಲ.'
ವಿಠೋಬ ಪಡ್ತಿ, ಎಸ್ಸೆಸ್ಸೆಲ್ಸಿ, ಮಾರ್ಚಿಗೆ ನಿವೃತ್ತಿ,
ಕನ್ನಡಕ ಒರೆಸುತ್ತ ಹೇಳಿದರು:
ನಮೂನೆ ಮುಟ್ಟಬೇಡಿ ಮೇಡಂ, ಮೈಲಿಗೆಯಾಗ್ತದೆ.
ಷರಾದಲ್ಲಿ ಬರೀರಿ.
ಅದನ್ನು ಮೇಲಿನವರು ಓದುವುದಿಲ್ಲ,
ಓದದ್ದನ್ನು ಹೊಡೆದುಹಾಕುವುದೂ ಇಲ್ಲ.

ಇನ್ನೂರ ಹನ್ನೆರಡು ಸಲ, ಕೈಬರಹದಲ್ಲಿ:
ದೋಣಿ ಇಲ್ಲ. ಬಲೆ ಇಲ್ಲ. ದುಡಿಮೆ ಉಂಟು.
ಖುದ್ದು ನೋಡಿದ್ದೇನೆ.
ಪುರಾವೆಗಳ ಏಣಿಯಲ್ಲಿ 'ಖುದ್ದು ನೋಡಿದ್ದು'
ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲೆಂದು
ಪಠ್ಯದಲ್ಲಿತ್ತು. ಗೊತ್ತಿದ್ದೇ ಬರೆದೆ.

ಅರವತ್ತಮೂರು ಮಂಜೂರಾದವು.
ಉಳಿದವಕ್ಕೆ 'ದಾಖಲೆ ಕೊರತೆ.'
ಉಳಿದವರಲ್ಲಿ ರುಕ್ಮಾ.
ಮೊಣಕಾಲು ಬರಕೊಂಡೆಯಲ್ಲ, ಅಂದಳು,
ಅದನ್ನಾದರೂ ವಾಪಸ್ ಕೊಡು.

ನನ್ನ ಸಭೆ ಈಗ ಹನ್ನೊಂದಕ್ಕೆ ಇರುವುದಿಲ್ಲ.
ಹನ್ನೊಂದಕ್ಕೆ ಬರಬಲ್ಲವರಿಗೆ ಹೊಳೆಯಲ್ಲಿ ಕೆಲಸವಿಲ್ಲ
ಎಂದು ತಿಳಿಯಲು ಒಂದು ವರ್ಷ ಹಿಡಿಯಿತು.
ಭರತದ ಪಟ್ಟಿ ನೋಡಿ ಹೊತ್ತು ಗೊತ್ತುಮಾಡುತ್ತೇನೆ,
ದಿನಕ್ಕೆ ಮುಕ್ಕಾಲು ಗಂಟೆ ಜಾರುತ್ತದೆ,
ಚಾಲಕ ಗೊಣಗುತ್ತಾನೆ.
ಪಡ್ತಿಯವರ ಕುರ್ಚಿಗೆ ಹುಡುಗನೊಬ್ಬ ಬಂದಿದ್ದಾನೆ,
ನನ್ನದೇ ಪದವಿ, ನನಗಿಂತ ಹೆಚ್ಚು ಅಂಕ.
ನಿನ್ನೆ ಬಣ್ಣದ ನಕ್ಷೆ ತಂದು ಎದುರಿಗಿಟ್ಟ.
ತಲೆಕೆಳಗು ಹಿಡಿದೆ. ಗಡಿಯಾರ ನೋಡಿದ.

ನಾಳೆ ಭರತ ನಾಲ್ಕೂ ಹತ್ತಕ್ಕೆ.
ಮೇಲ್ಮನವಿಯ ನೂರಾ ನಲವತ್ತೊಂಬತ್ತು ಹಾಳೆ
ಪಿನ್ನು ಹೊಡೆದಿಲ್ಲ, ಬಲೆ ನೇಯುವ ದಾರದಲ್ಲಿ
ರುಕ್ಮಾಳೇ ಹೊಲಿದುಕೊಟ್ಟಿದ್ದಾಳೆ.
ಎಷ್ಟು ವರ್ಷ ಮೇಜಿನ ಮೇಲಿದ್ದರೂ
ಇದಕ್ಕೆ ತುಕ್ಕು ಹಿಡಿಯುವುದಿಲ್ಲ.