ಎರಡನೇ ಸುರುಳಿ

ಚಾಮರಾಜಪೇಟೆ, ಬೈಂಡಿಂಗ್ ಅಂಗಡಿಯ ಮಹಡಿ.
ಹಳೇ ಟೇಪನ್ನು ಮೊದಲು ಓವನ್ನಿನಲ್ಲಿಡುತ್ತೇನೆ,
ಎಂಟು ತಾಸು, ಹದ ಬಿಸಿ.
ಅಂಟು ಆರಿದರೆ ಮಾತ್ರ ಬೆಟ್ಟ ಬಾಯಿ ಬಿಡುತ್ತದೆ.

ಕೇತಮ್ಮ ಹಾಡುತ್ತಾಳೆ. ಹಿಂದೆ ನಾಯಿ, ಯಾರದೋ ಕೆಮ್ಮು,
ಸೌದೆ ಮುರಿವ ಸದ್ದು.
ಅದೆಲ್ಲ ತೆಗೆಯಿರಿ ಅಂತ ಪತ್ರದಲ್ಲಿದೆ.
ತೆಗೆದು ನೋಡಿದೆ. ಹಾಡಿಗೆ ಕಾಲೂರಲು ನೆಲವಿಲ್ಲ.
ವಾಪಸು ಹಾಕಿದೆ.

ಮೂವರು ಅಣ್ಣಂದಿರು ತಂಗಿಯನ್ನು ಮಡುವಿನ ತನಕ ಕರೆತಂದರು.
ಅಲ್ಲಿಗೆ ನಿಲ್ಲಿಸಿಬಿಟ್ಟಳು:
'ದೀಪ ಹಚ್ಚೋ ಹೊತ್ನಲ್ಲಿ ಹೆಣ್ಮಗೀನ ಸಾಯಿಸ್ಬಾರ್ದು ಕಣಪ್ಪ,
ನಾಳೆ ಬಾ.'

ಕಟಕ್.

ನಾಳೆ ಅವರು ಹೋದರೋ ಇಲ್ಲವೋ.
ಡಬ್ಬಿಯಲ್ಲಿ ಇದೊಂದೇ ಸುರುಳಿ.
'ಅಪೂರ್ಣ' ಎಂಬ ಕಾಲಮ್ಮಿಗೆ ಟಿಕ್ಕು ಹಾಕಬೇಕು.

ಕೆಳಗೆ ಅಂಗಡಿಯವನು ದೀಪ ಹಚ್ಚಿ
ಗಲ್ಲಾಪೆಟ್ಟಿಗೆಗೆ ಊದುಬತ್ತಿ ಸುತ್ತಿಸುತ್ತಿದ್ದಾನೆ.
ಪೆನ್ನು ಮುಚ್ಚಿದೆ.
ನಾಳೆ ಹಾಕಿದರಾಯಿತು.