ಹಿಂದಿನ ದಿನಾಂಕ

ಡುಲೂತ್ ಬಂದರಿನಲ್ಲಿ ಮಂಜು ಇನ್ನೂ ಒಡೆದಿಲ್ಲ.
ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ
ಐಲಾ ಕೊಸ್ಕಿನೆನ್ ಮೂರು ಪಾಲಿಸಿಗಳನ್ನು
ಇಸ್ಪೀಟಿನೆಲೆಯಂತೆ ಹರವಿಕೊಂಡು ಕೂತಿದ್ದಾಳೆ.

ಪರರ ತಪ್ಪೇ ಅವಳ ಅನ್ನ.
ಇಗರ್ಜಿಯ ಕರೆಂಟು, ವೃದ್ಧಾಶ್ರಮದ ಗ್ಯಾಸು,
ಸ್ಕೇಟಿಂಗ್ ಅಂಗಳದ ನೀರು,
ಬಿಲ್ಲುಗಳನ್ನು ಡಬ್ಬಗಟ್ಟಲೆ ತಂದು ಸುರಿಯುತ್ತಾರೆ.
ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಇವಳು ಆರಿಸುತ್ತಾಳೆ:
ಎಂದೋ ಕಿತ್ತೊಯ್ದ ಮೀಟರಿಗೆ ಇಂದಿಗೂ ಬಾಡಿಗೆ,
ಚರಂಡಿಗೆ ಇಳಿಯದೆ ಗಡ್ಡೆಯಾಗಿ ನಿಂತ ನೀರಿಗೂ
ಚರಂಡಿಯ ಸುಂಕ.
ಕಂಪನಿ ಮರಳಿಸಿದ್ದರಲ್ಲಿ ಮೂರರಲ್ಲೊಂದು ಪಾಲು ಅವಳಿಗೆ.
ಕಲ್ಲು ಸಿಗದ ತಿಂಗಳು ಬರಿಯ ಕಾಫಿ.

ಹೋದ ವಾರ ವೃದ್ಧಾಶ್ರಮದವರು ಕೇಳಿದರು:
ನೀವೇ ತಪ್ಪಿದರೆ?
ವಿಮೆಯ ಪತ್ರ ತೋರಿಸಿ, ಆಮೇಲೆ ಕರಾರು.
ಊರಿಗೆಲ್ಲ ಶಕುನ ನುಡಿಯುವ ಹಲ್ಲಿ
– ಈ ಚಳಿಯಲ್ಲಿ ಹಲ್ಲಿ ಬದುಕದು, ಇರಲಿ –
ಮಜ್ಜಿಗೆಯೊಳಗೆ ಬಿತ್ತು.

ಮೊದಲನೆಯದು ಅಗ್ಗ.
ಸಣ್ಣಕ್ಷರದಲ್ಲಿ: ವಕೀಲರ ಖರ್ಚೂ ಇದೇ ಮೊತ್ತದೊಳಗೆ.
ಅಂದರೆ ಹತ್ತು ಲಕ್ಷ ಡಾಲರಿನ ಕೊಡೆಯಿಂದ
ವಕೀಲನೇ ಗೇಣುಗೇಣು ಬಟ್ಟೆ ಕತ್ತರಿಸುತ್ತಾನೆ,
ಮಳೆಯ ಹೊತ್ತಿಗೆ ಕೈಯಲ್ಲಿ ಕಡ್ಡಿ.

ಎರಡನೆಯದು ಸಭ್ಯ. ಅದರ ಒಂದು ಸಾಲು:
'ಇಷ್ಟು ಉಳಿಯುತ್ತದೆ' ಎಂದು ನೀವು ಮಾತು ಕೊಟ್ಟಿದ್ದರೆ
ಆ ಮಾತಿಗೆ ನಾವಿಲ್ಲ.
ಹನ್ನೊಂದು ವರ್ಷ ಅವಳು ಮತ್ತೇನು ಆಡಿದ್ದಾಳೆ?

ಮೂರನೆಯದಕ್ಕೆ ಇಮ್ಮಡಿ ಕಂತು.
ಏಜೆಂಟ್ ಡ್ವೇನ್ ಟೊರ್ಗರ್ಸನ್ ಫೋನಿನಲ್ಲಿ ಏನನ್ನೋ ಅಗಿಯುತ್ತ ಅಂದ:
ದೂರು ಬಂದ ದಿನ ಪಾಲಿಸಿ ಉಸಿರಾಡುತ್ತಿರಬೇಕು,
ತಪ್ಪು ಹಿಂದಿನ ದಿನಾಂಕದ ಈಚೆ ನಡೆದಿರಬೇಕು.
ಇದರಲ್ಲಿ ಆ ದಿನಾಂಕ ನೀನು ಬೋರ್ಡು ಹಾಕಿದ ದಿನವೇ.
ಮುಂದೆ ಅಂಗಡಿ ಮುಚ್ಚುತ್ತೀಯ ಅನ್ನು, ಬಾಲ ಕೊಳ್ಳಬಹುದು.
ಬಾಲವೇ?
ಹೌದು, ನೀನು ಹೋದಮೇಲೂ ಸ್ವಲ್ಪ ಕಾಲ ಅಲುಗಾಡುತ್ತಿರುತ್ತದೆ.

ಹಾಗಾದರೆ ಹಲ್ಲಿಯದೇ.

ಅರ್ಜಿಯ ಹದಿನಾಲ್ಕನೆಯ ಪ್ರಶ್ನೆ.
ದೂರಿಗೆ ಎಡೆಕೊಡಬಹುದಾದ ಯಾವುದಾದರೂ ತಪ್ಪು, ಲೋಪ
ನಿಮ್ಮ ಗಮನದಲ್ಲಿದೆಯೇ?
ಹೌದಿಗೊಂದು ಚೌಕ, ಇಲ್ಲಕ್ಕೊಂದು ಚೌಕ.
ಎರಡೂ ಒಂದೇ ಅಳತೆ.

ನಾಲ್ಕನೆಯ ವರ್ಷ. ಮಾರಿಟ್ ಡಾಲೀನಳ ಲಾಂಡ್ರಿ.
ತೆರಿಗೆಯ ಪುಡಿಗಾಸು ಹುಡುಕಿಕೊಟ್ಟು ಪಾಲು ತಿಂದಳು,
ರಾತ್ರಿಯ ದರ ಅಗ್ಗ, ರಾತ್ರಿ ಒಗೆ ಅಂದಳು.
ಕೋಲು ಹಿಡಿದು ಇಲಿ ಅಟ್ಟುವಾಗ
ಅಟ್ಟದ ಮೇಲೆ ಆನೆ ಮಲಗಿತ್ತು:
ಮೀಟರಿನ ತಗಡಿನಲ್ಲಿ ಕೆತ್ತಿದ ಗುಣಕ ನಲವತ್ತು,
ಬಿಲ್ಲಿನಲ್ಲಿ ಎಂಬತ್ತು.
ಫೋಟೋ ಅವಳೇ ತೆಗೆದದ್ದು. ತುಸು ಮಸುಕು.
ಕಂಡದ್ದು ಹೋದ ನವೆಂಬರಿನಲ್ಲಿ, ಬೇರೇನೋ ಹುಡುಕುವಾಗ.
ಅಂದಿನಿಂದ ನಾಲ್ಕು ಬಿಲ್ಲು ಹೋಗಿವೆ ಮಾರಿಟ್ಟಳ ಮನೆಗೆ,
ನಾಲ್ಕೂ ಇಮ್ಮಡಿ.
ಮೂರು ವರ್ಷದಾಚೆಯದನ್ನು ಕಂಪನಿ ಯಾರಿಗೂ ಮರಳಿಸದು.

ಹೌದೆಂದರೆ ಆ ತಪ್ಪೊಂದಕ್ಕೆ ರಕ್ಷಣೆಯಿಲ್ಲ.
ಇಲ್ಲವೆಂದು ಸಿಕ್ಕಿಬಿದ್ದರೆ ಯಾವುದಕ್ಕೂ ಇಲ್ಲ.
ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು,
ಕೆಳಗೆ ಯಾರೋ ಮೊಳೆ ತೂಗಿಸಿಕೊಳ್ಳುವ ಸದ್ದು ಕೇಳಿದಳು,
ಹೌದಿನ ಚೌಕದಲ್ಲಿ ಗೀಟು ಎಳೆದಳು.
ಕಾಗದ ತುಸು ಹರಿಯಿತು.

ಮೂರನೆಯದೇ, ಅಂದಳು ಡ್ವೇನನಿಗೆ.
ಒಂದು ಮಾತು, ಐಲಾ: ಒಂಬತ್ತನೆಯ ಪುಟ ಓದಿಕೋ.
ಜಾರಿಯಾದ ಮೇಲೆ ನಮ್ಮನ್ನು ಕೇಳದೆ
ಯಾರೆದುರೂ ತಪ್ಪೊಪ್ಪಿಕೊಳ್ಳುವಂತಿಲ್ಲ.
ಜಾರಿ ಯಾವಾಗ?
ಇವತ್ತು ನಡುರಾತ್ರಿ ಹನ್ನೆರಡು ದಾಟಿ ಒಂದು ನಿಮಿಷಕ್ಕೆ.

ಗಡಿಯಾರದಲ್ಲಿ ಏಳು.
ಮಸುಕು ಫೋಟೋವನ್ನು ಕೋಟಿನ ಒಳಜೇಬಿಗಿಟ್ಟು,
ಬೂಟಿನ ದಾರ ಎರಡೆರಡು ಗಂಟು ಬಿಗಿದು,
ಗಾಳಿ ತಳ್ಳುವ ಬೀದಿ ಇಳಿದಳು.

ಲಾಂಡ್ರಿಯಲ್ಲಿ ದೀಪ ಉರಿಯುತ್ತಿದೆ,
ಗಾಜಿಗೆ ಹಬೆ.
ಇವಳು ಹೇಳಿದ ಹೊತ್ತಿಗೇ ಒಗೆಯುತ್ತಾಳೆ ಮಾರಿಟ್,
ಏಳು ವರ್ಷದಿಂದ ಒಂದು ರಾತ್ರಿಯೂ ತಪ್ಪದೆ.

ಬಾ ಬಾ, ಬಾಗಿಲು ಹಾಕು, ಚಳಿ ನುಗ್ಗುತ್ತದೆ.
ಇಷ್ಟು ಹೊತ್ತಿನಲ್ಲಿ? ಮತ್ತೇನಾದರೂ ಸಿಕ್ಕಿತೇ?

ಸಿಕ್ಕಿತು, ಅಂದಳು ಐಲಾ,
ಒಂದೊಂದೇ ಗುಂಡಿ ಬಿಚ್ಚುತ್ತ.