ನಿನ್ನಿನ ದರ

ಹನ್ನೊಂದು ವಿಡಿಯೊ ಮಾಡಿದ್ದೆ,
ಸೀರೆ ಬದಲಿಸಿ ಬದಲಿಸಿ,
ಸದ್ದು ಸೇರಬಾರದೆಂದು ಫ್ಯಾನು ಬಂದ್ ಮಾಡಿ,
ಕಲಬುರಗಿಯಲ್ಲಿ, ಏಪ್ರಿಲ್‌ನಲ್ಲಿ.
ಸಂಖ್ಯಾಶಾಸ್ತ್ರ, ಎರಡನೆಯ ಸೆಮಿಸ್ಟರು, ಆನ್‌ಲೈನು.
ಚೀಲದಲ್ಲಿ ಕೆಂಪು ಚೆಂಡು ಐದು, ಬಿಳಿ ಚೆಂಡು ಮೂರು,
ಕಣ್ಣು ಮುಚ್ಚಿ ಒಂದು ತೆಗೆದರೆ…
ಯಾರ ಮನೆಯಲ್ಲಿದೆ ಇಂಥ ಚೀಲ?
ಅರವತ್ತೆರಡು ಹೆಸರು ಪಟ್ಟಿಯಲ್ಲಿ.
ನಲವತ್ತು ನಿಮಿಷದ ಪಾಠವನ್ನು ಸರಾಸರಿ
ಹದಿನಾಲ್ಕು ನಿಮಿಷ ನೋಡಿದ್ದಾರೆ
ಎಂದಿತು ಕಂಪ್ಯೂಟರು.

ಬೇಸರದ ಒಂದು ಸಂಜೆ ಪಾಠದ ಪುಟಕ್ಕೆ
ಹೊರಗಿನಿಂದೊಂದು ಕಾಲುವೆ ಕಡಿದೆ:
ಗಂಜಿನ ತೊಗರಿ ದರದ ಫೀಡು.
ದಿನಾ ಮುಂಜಾನೆ ನಾನೇಳುವ ಮೊದಲೇ
ಬಾಗಿಲು ಬಡಿಯದ ಹಾಲಿನವನ ಹಾಗೆ
ಹೊಸ ಅಂಕಿ ಇಟ್ಟು ಹೋಗುತ್ತದೆ.
ಅದರ ಕೆಳಗೆ ಮಳೆಯ ಫೀಡು.
ಮಾತಾಡಲಿಕ್ಕೆ ಟೆಲಿಗ್ರಾಮಿನಲ್ಲೊಂದು ಗುಂಪು.

ಮೊದಲು ಬಂದವು ಗುಲಾಬಿಗಳು,
ಶುಭೋದಯ ಹೊತ್ತು, ಹನಿ ಹೊತ್ತು.
ಯಾರದೋ ಅಕ್ಕನ ಲಗ್ನಪತ್ರಿಕೆ.
"ಮೇಡಂ, ಇದು ಪರೀಕ್ಷಾಕ್ಕ ಬರ್ತದೇನ್ರಿ?"
ಎಂಟು ಮಂದಿ, ಎಂಟು ಸಲ.
ಪ್ರಾಚಾರ್ಯರು ಕೇಳಿದರು:
"ಸಿಲೆಬಸ್ಸಿನಾಗ ತೊಗರಿ ಎಲ್ಲದ?"
ಮುಚ್ಚಿಬಿಡಲೆಂದು ಬೆರಳು ಒಯ್ದಿದ್ದೆ.

ರಾತ್ರಿ ಹನ್ನೊಂದೂವರೆಗೆ ಅಂಬಾರಾಯನ ದನಿ.
ನಂಬರು ನಲವತ್ತಮೂರು. ಹಾಜರಿ ಕೂಗಿದರೂ
ಬರೀ ಕೈ ಎತ್ತುತ್ತಿದ್ದವ.
ಹಿಂದೆ ಕಪನೂರಿನ ದಾಲ್ ಮಿಲ್ಲು ಗರಗರ,
ನಡುನಡುವೆ ಯಾರೋ ಒದರುವ ಚೀಲದ ಲೆಕ್ಕ.

"ಮೇಡಂ, ಫೀಡಿನಾಗ ಏಳು ಸಾವಿರದ ಐದನೂರಾ ಐವತ್ತ ಅದ.
ಅದು ನಿನ್ನಿನ ದರ, ಇರ್ಲಿ.
ಖರೇ ಹೇಳ್ತೀನ್ರಿ, ನಿನ್ನಿ ಆ ದರಕ್ಕ ಗಂಜಿನಾಗ
ಒಂದ ಚೀಲಾನೂ ಹೋಗಿಲ್ಲ.
ಒಣಗಿದ್ದು ಹೋಗ್ಯದ ಎಂಟು ಸಾವಿರದ ಎರಡನೂರಕ್ಕ,
ಹಸಿದು ಹೋಗ್ಯದ ಆರು ಸಾವಿರದ ಒಂಬತ್ತನೂರಕ್ಕ.
ನಡುವ ಯಾರೂ ಇಲ್ರಿ.
ನಡುವ ಬರೇ ಫೀಡ್ ಅದ."

ಹದಿನಾರು ವರ್ಷ ಇದನ್ನೇ ಹೇಳಲಿಕ್ಕೆ
ಬೋರ್ಡಿನ ಮೇಲೆ ಎರಡು ಡುಬ್ಬದ ಒಂಟೆ ಬರೆದಿದ್ದೇನೆ.
ಅಂಥ ಒಂಟೆ ಯಾರೂ ಕಂಡವರಲ್ಲ. ನಾನೂ ಕಂಡಿಲ್ಲ.

ಆಮೇಲೆ ಯಾರೂ ಮಲಗಲಿಲ್ಲ.
ಸೇಡಂನ ಕಾಶಮ್ಮ ಕೇಳಿದಳು: ಹಸಿ ಅಂದ್ರ ಎಷ್ಟ ಹಸಿ?
ಹಲ್ಲಿಗಿ ಕಡದ್ರ ಕಟ್ ಅನಬೇಕು, ಅಂದ ಅಂಬಾರಾಯ,
ಅನಲಿಲ್ಲ ಅಂದ್ರ ಹಸಿ.
ಜೇವರ್ಗಿಯ ಇಜಾಜ್ ಮೂರು ವಾರದ ಮಳೆಯನ್ನು
ದರದ ಕೆಳಗೆ ಹಾಸಿ ತೋರಿಸಿದ:
ಮಳೆಯ ಮರುದಿನ ಎರಡು ಡುಬ್ಬ ಇನ್ನಷ್ಟು ದೂರ.
ಚಂದ್ರಭಾಗಾ ಕಳಿಸಿದ್ದು ಫೋಟೊ,
ಅಡುಗೆಮನೆಯ ಶಹಾಬಾದಿ ಪರಸಿಯ ಮೇಲೆ
ಎಣಿಸಿಟ್ಟ ತೊಗರಿಕಾಳು, ಈ ಕಡೆ ಒಂದು ಗುಡ್ಡೆ, ಆ ಕಡೆ ಒಂದು,
ನಡುವೆ ತೊಳೆದ ಖಾಲಿ ಕಲ್ಲು.
ಎರಡು ಗಂಟೆಯಾಯಿತು. ಪರೀಕ್ಷೆಯ ಮಾತು ಯಾರೂ ಎತ್ತಲಿಲ್ಲ.
ಒಬ್ಬ ಎತ್ತಿದ. ಉಳಿದವರು ಅವನನ್ನು ಬೈದರು.

ಆಗ ತೆಗೆದು ನೋಡಿದೆ ನನ್ನ ಹದಿನಾಲ್ಕು ನಿಮಿಷ.
ಇಪ್ಪತ್ತು ಮಂದಿ ನಲವತ್ತೂ ನಿಮಿಷ ಕೂತವರು.
ನಲವತ್ತೆರಡು ಮಂದಿ, ನಾನು ನಮಸ್ಕಾರ ಹೇಳಿ
ಸೆರಗು ಸರಿಮಾಡುವಷ್ಟರಲ್ಲಿ ಎದ್ದವರು.
ಹದಿನಾಲ್ಕನೆಯ ನಿಮಿಷದಲ್ಲಿ ಯಾರೂ ಇರಲಿಲ್ಲ.
ಆ ಇಲ್ಲದ ಒಬ್ಬನಿಗೆ
ಇಡೀ ವರ್ಷ ಪಾಠ ಹೇಳಿದ್ದೆ.

ಅಂಬಾರಾಯ ಪರೀಕ್ಷೆಗೆ ಬರಲಿಲ್ಲ,
ಆ ವಾರ ಮಿಲ್ಲಿನಲ್ಲಿ ಡಬಲ್ ಶಿಫ್ಟು.
ಮತ್ತೆ ಕಟ್ಟುತ್ತಾನಂತೆ, ನವೆಂಬರಿಗೆ.
ಈ ಸಲದ ಪುಟದಲ್ಲಿ ಚೆಂಡಿನ ಚೀಲ ತೆಗೆದು
ಅವನ ದನಿ ಇಟ್ಟಿದ್ದೇನೆ, ಕೇಳಿಯೇ ಇಟ್ಟದ್ದು.
ಹೊಸ ಹುಡುಗನೊಬ್ಬ ಬರೆದ:
ಮೇಡಂ, ಹಿಂದಿನ ಗರಗರ ತೆಗೆಯಲಿಕ್ಕೆ ಆ್ಯಪ್ ಅದಾವ್ರಿ.
ಬೇಡ, ಇರಲಿ ಎಂದೆ.
ಫ್ಯಾನು ಹಚ್ಚಿ ಕೂತು
ಹನ್ನೆರಡನೆಯ ವಿಡಿಯೊ ಶುರು ಮಾಡಿದೆ.